ಹತ್ತು ಸಿನಿಮಾ ಹಾಕಿದರೆ ಏಳು ಅರ್ಧಕ್ಕೇ ನಿಲ್ಲುತ್ತವೆ, ನನ್ನ ತಾಳ್ಮೆ ಹೋಯಿತಾ?

ಪ್ರಶ್ನೆ: ಸಾರ್, ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ರೇಷ್ಮೆ ಹುಳು ಸಾಕುತ್ತೇವೆ. 2020ರ ಲಾಕ್‌ಡೌನ್‌ನಲ್ಲಿ ಮೈದುನ, ಓರಗಿತ್ತಿ ಬೆಂಗಳೂರಿನಿಂದ ಬಂದಿದ್ದರು. ಮನೆಯಲ್ಲಿ ಎಂಟು ಜನ, ಒಂದೇ ಟಿವಿ. ದಿನಾ ಒಂದು ಸಿನಿಮಾ ನೋಡುತ್ತಿದ್ದೆವು. ಆ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ, ಭಾನುವಾರ ರಾತ್ರಿ ಒಂದು ಹಾಕೇ ಹಾಕುತ್ತೇವೆ. ಆದರೆ ಹತ್ತು ಹಾಕಿದರೆ ಏಳು ಅರ್ಧಕ್ಕೇ ನಿಲ್ಲುತ್ತವೆ. ಅತ್ತೆಗೆ ತೆಲುಗು ಸಲೀಸು, ಕನ್ನಡ ಅರ್ಥವಾಗುತ್ತೆ, ಓದೋಕೆ ಬರಲ್ಲ. ಮಾವನಿಗೆ ಡೈಲಾಗ್ ಕೇಳಿಸೋದಿಲ್ಲ. ಸೌಂಡ್ ಜಾಸ್ತಿ ಮಾಡಿದರೆ ಫೈಟ್ ಬಂದಾಗ ಮನೆಯೇ ಅದುರುತ್ತೆ. ಹೊಸ ಟಿವಿಯಲ್ಲಿ ಸಿನಿಮಾ ಎಲ್ಲ ಸೀರಿಯಲ್ ಥರ ಕಾಣುತ್ತೆ ಅಂತಾರೆ ಯಜಮಾನರು. ಮಗಳು ಪಿಯುಸಿ, ಮಗ ಏಳನೇ ಕ್ಲಾಸು, ಇಬ್ಬರಿಗೂ ಫೋನ್ ಇದ್ದರೆ ಸಾಕು. ನಾನು ಸಾರಿಗೆ ಒಗ್ಗರಣೆ ಹಾಕಿ ಬರೋಷ್ಟರಲ್ಲಿ ಕಥೆ ಎಲ್ಲಿಗೋ ಹೋಗಿರುತ್ತೆ. ಹುಳು ಜ್ವರಕ್ಕೆ ಕೂತ ದಿನ, ಅಂದರೆ ಮೇವು ಬಿಟ್ಟು ಪೊರೆ ಕಳಚೋ ದಿನ ಮಾತ್ರ ಸೊಪ್ಪು ಹಾಕೋ ಕೆಲಸ ಇರಲ್ಲ. ಆವತ್ತೂ ರಾತ್ರಿ ಅರ್ಧ ಗಂಟೆಗೇ ತೂಕಡಿಕೆ. ಪ್ರಶಸ್ತಿ ಬಂದ ಸಿನಿಮಾ ಅಂತೂ ಹತ್ತು ನಿಮಿಷ ನೋಡೋಕಾಗಲ್ಲ. ಫೋನ್ ನೋಡಿ ನೋಡಿ ನನ್ನ ತಾಳ್ಮೆಯೇ ಹೋಯಿತಾ? ಲಾಕ್‌ಡೌನ್‌ನಲ್ಲಿ ನೀವು ಮನೆಯಲ್ಲಿ ನೋಡಿದ್ದರಲ್ಲಿ, ಎಲ್ಲರೂ ಕೂತು ನೋಡುವಂಥ ಹತ್ತು ಹೆಸರು ಕೊಡಿ.

(ಹೆಸರು ಹಾಕಬೇಡಿ ಎಂದಿದ್ದಾರೆ, ಶಿಡ್ಲಘಟ್ಟ ತಾಲ್ಲೂಕು)

ಉತ್ತರ: ಹತ್ತು ಹೆಸರು ಬರೆದು ಕಳಿಸುವುದು ಐದು ನಿಮಿಷದ ಕೆಲಸ. ಕಳಿಸಿದರೆ ಅವುಗಳಲ್ಲೂ ಏಳು ಅರ್ಧಕ್ಕೇ ನಿಲ್ಲುತ್ತವೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ತಾಳ್ಮೆಯ ಬಗ್ಗೆ, ನನ್ನ ಕಣ್ಣು ಹೋಗಿ ನಿಂತದ್ದು ಒಗ್ಗರಣೆಯ ಸಾಲಿನ ಮೇಲೆ.

ತುಮಕೂರಿನಲ್ಲಿದ್ದುಕೊಂಡು ಇಪ್ಪತ್ತೆರಡು ವರ್ಷದಿಂದ ಸಿನಿಮಾ ತೋರಿಸುವುದು, ಅದರ ಬಗ್ಗೆ ಪಾಠ ಮಾಡುವುದು ನನ್ನ ಕೆಲಸ. ಕಾಲೇಜು, ಹಾಸ್ಟೆಲ್, ಹಳ್ಳಿ ಶಾಲೆ ಅಂತ ಎಲ್ಲ ಕಡೆ ಪ್ರೊಜೆಕ್ಟರ್ ಹೊತ್ತಿದ್ದೇನೆ. ಹೋದ ಕಡೆಯೆಲ್ಲ ಕಿಟಕಿ ಮುಚ್ಚಿಸಿ, ಬಾಗಿಲು ಹಾಕಿಸಿ, ಮಧ್ಯೆ ಎದ್ದವರನ್ನು ಗದರಿಸಿ ಕೂರಿಸಿದವನು ನಾನು. ಮನೆಯಲ್ಲಿ ಜನ ಹೇಗೆ ಸಿನಿಮಾ ನೋಡುತ್ತಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ. 2020ರ ಮಾರ್ಚ್ ಮಧ್ಯದಲ್ಲಿ ನಮ್ಮ ರಾಜ್ಯದ ಥಿಯೇಟರ್‌ಗಳು ಮುಚ್ಚಿದವು. 25ರಿಂದ ಇಡೀ ದೇಶ ಮನೆಯೊಳಗೆ ಸೇರಿತು. ಮತ್ತೆ ಥಿಯೇಟರ್ ತೆರೆಯೋಕೆ ಅನುಮತಿ ಸಿಕ್ಕಿದ್ದು ಅಕ್ಟೋಬರ್ 15ಕ್ಕೆ, ಅದೂ ಅರ್ಧ ಸೀಟಿಗೆ. ಅಷ್ಟು ತಿಂಗಳು ನನ್ನ ಪ್ರೇಕ್ಷಕರು ಅಂದರೆ ಹೆಂಡತಿ ಮತ್ತು ಎಂಬತ್ತು ದಾಟಿದ ಅಮ್ಮ.

ಮೊದಲ ವಾರವೇ ಎದೆಯುಬ್ಬಿಸಿಕೊಂಡು ಗಿರೀಶ ಕಾಸರವಳ್ಳಿಯವರ ಒಂದು ಸಿನಿಮಾ ಹಾಕಿದೆ, ಸಂಜೆ ಏಳೂವರೆಗೆ. ಕುಕ್ಕರ್ ಎರಡನೇ ಸಲ ಕೂಗಿದಾಗ ಹೆಂಡತಿ ಎದ್ದು ಹೋದಳು. ಅಮ್ಮ ಕೂತಲ್ಲೇ ನಿದ್ದೆ ಮಾಡಿದರು. ನನಗೆ ಸಿಟ್ಟು ಬಂತು. "ಒಳ್ಳೆ ಸಿನಿಮಾ ನೋಡೋ ಯೋಗ್ಯತೆ ಬೇಕು" ಅಂದುಬಿಟ್ಟೆ. ಅವಳು ಊಟಕ್ಕೆ ಬಡಿಸುತ್ತಾ, "ಸಿನಿಮಾ ಚೆನ್ನಾಗೇ ಇದೆ. ನಂಗೆ ಕಾಣಿಸಿದ್ದು ಅರ್ಧ, ಅಷ್ಟೇ" ಅಂದಳು. ಆವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಯಾವ ಸಿನಿಮಾ, ಎಷ್ಟು ಹೊತ್ತಿಗೆ ಹಾಕಿದೆವು, ಯಾರು ಎಲ್ಲಿ ಎದ್ದರು. ಇಪ್ಪತ್ತೆರಡು ವರ್ಷದಲ್ಲಿ ಕಲಿಯದ್ದನ್ನು ಆ ನೋಟ್‌ಬುಕ್ ಕಲಿಸಿತು.

ಹಾಗಾಗಿ ನಿಮ್ಮ ತಾಳ್ಮೆ ಎಲ್ಲೂ ಹೋಗಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ವಾರವಿಡೀ ಹಗಲು ರಾತ್ರಿ ಸೊಪ್ಪು ಹಾಕುವವರಿಗೆ ತಾಳ್ಮೆ ಇಲ್ಲ ಅಂದರೆ ನಗು ಬರುತ್ತದೆ. ಮೊದಲ ಇಪ್ಪತ್ತು ನಿಮಿಷ ನೋಡದವರಿಗೆ ಯಾವ ಸಿನಿಮಾ ಆದರೂ ಬೋರೇ. ಯಾರು ಯಾರಿಗೆ ಏನಾಗಬೇಕು ಅಂತಲೇ ತಿಳಿಯದಿದ್ದರೆ ಮುಂದಿನದು ಬರೀ ಗೊಂಬೆಯಾಟ. ಇನ್ನು ರಾತ್ರಿಯ ತೂಕಡಿಕೆ. ಅದು ಮೈ ದಣಿವು. ಫೋನಿನ ತಪ್ಪು ಸ್ವಲ್ಪ ಇರಬಹುದು, ಪೂರ್ತಿ ಅದರ ತಲೆಗೆ ಕಟ್ಟಬೇಡಿ.

ನಿಮ್ಮ ಮನೆಯ ಎರಡು ತೊಂದರೆ ಟಿವಿಯದ್ದು. ಅದನ್ನು ಮೊದಲು ಮುಗಿಸಿಬಿಡೋಣ.

ಮಾವನವರಿಗೆ ಡೈಲಾಗ್ ಕೇಳದೆ ಇರುವುದಕ್ಕೆ ವಯಸ್ಸೊಂದೇ ಕಾರಣ ಅಲ್ಲ. ಥಿಯೇಟರಿನಲ್ಲಿ ಪರದೆಯ ಹಿಂದೆ, ನಡುಮಧ್ಯೆ, ಹೆಚ್ಚಾಗಿ ಮಾತಿಗೆಂದೇ ಒಂದು ಸ್ಪೀಕರ್ ಇರುತ್ತದೆ. ಸಂಗೀತ, ಗದ್ದಲ ಎಲ್ಲ ಅಕ್ಕಪಕ್ಕದಿಂದ, ಹಿಂದಿನಿಂದ ಬರುತ್ತವೆ. ಈಗಿನ ಸಿನಿಮಾಗಳ ಸೌಂಡ್ ಆ ಲೆಕ್ಕದಲ್ಲೇ ಮಾಡಿರುತ್ತಾರೆ. ಮನೆಯ ತೆಳ್ಳಗಿನ ಟಿವಿಯಲ್ಲಿ ಇರುವುದು ಎರಡು ಪುಟ್ಟ ಸ್ಪೀಕರ್, ಅವೂ ಕೆಳಗೋ ಹಿಂದಕ್ಕೋ ಮುಖ ಮಾಡಿಕೊಂಡಿರುತ್ತವೆ. ಎಲ್ಲ ಸದ್ದೂ ಅದೇ ಕಿರಿದಾದ ಬಾಗಿಲಲ್ಲಿ ನುಗ್ಗುವಾಗ ಮಾತು ಸಿಕ್ಕಿಹಾಕಿಕೊಳ್ಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸೌಂಡ್‌ಗೆ ಹೋಗಿ 'ಕ್ಲಿಯರ್ ವಾಯ್ಸ್' ಅಂತಲೋ 'ಸ್ಪೀಚ್' ಅಂತಲೋ ಇದ್ದರೆ ಅದನ್ನು ಹಾಕಿ. ಆ್ಯಪ್‌ನಲ್ಲಿ ಆಡಿಯೋ ಆರಿಸುವಾಗ ಸುತ್ತಲೂ ಸ್ಪೀಕರ್ ಇರುವವರಿಗೆ ಮಾಡಿದ 5.1 ಬಿಟ್ಟು, ಎರಡೇ ಸ್ಪೀಕರಿಗೆ ಮಾಡಿದ ಸ್ಟೀರಿಯೋ ಇದ್ದರೆ ಅದನ್ನೇ ಒತ್ತಿ. ಹಳೇ ಸ್ಪೀಕರ್ ಸೆಟ್ ಯಾವುದಾದರೂ ಅಟ್ಟದ ಮೇಲಿದ್ದರೆ ಇಳಿಸಿ ಟಿವಿಗೆ ಸಿಕ್ಕಿಸಿ ನೋಡಿ. ಹೊಸದು ಕೊಳ್ಳೋಕೆ ಅವಸರ ಬೇಡ.

ಯಜಮಾನರು ಹೇಳಿದ ಸೀರಿಯಲ್ ಮಾತು ನೂರಕ್ಕೆ ನೂರು ಸರಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಹೊಸ ಟಿವಿಗಳು ನುಣುಪಾಗಿ ಕಾಣಲಿ ಅಂತ ನಡುನಡುವೆ ಇಲ್ಲದ ಚಿತ್ರಗಳನ್ನು ತಾವೇ ಹುಟ್ಟಿಸಿ ತುಂಬುತ್ತವೆ. ಕ್ರಿಕೆಟ್ಟಿಗೆ ಚೆನ್ನ. ಸಿನಿಮಾಕ್ಕೆ ಹಾಕಿದರೆ ರಾಜಕುಮಾರ್ ಕೂಡ ಸೀರಿಯಲ್ ಸೆಟ್ಟಿನಲ್ಲಿ ನಿಂತ ಹಾಗೆ ಕಾಣುತ್ತಾರೆ. ಪಿಕ್ಚರ್ ಸೆಟ್ಟಿಂಗ್‌ನಲ್ಲಿ 'ಮೋಷನ್' ಅನ್ನುವ ಪದ ಎಲ್ಲಿದ್ದರೂ ಆಫ್ ಮಾಡಿ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತದೆ. ಸಿಗದಿದ್ದರೆ 'ಸಿನಿಮಾ' ಮೋಡ್ ಹಾಕಿ, ಅರ್ಧ ಸರಿಹೋಗುತ್ತದೆ. ಮಗಳಿಗೆ ಹೇಳಿ, ಎರಡು ನಿಮಿಷದಲ್ಲಿ ಮಾಡಿಕೊಡುತ್ತಾಳೆ.

ಈಗ ನೋಟ್‌ಬುಕ್‌ಗೆ ಬರುತ್ತೇನೆ. ಮೊದಮೊದಲು ಒಳ್ಳೆಯದು, ಪರವಾಗಿಲ್ಲ, ಕೆಟ್ಟದ್ದು ಅಂತ ಮೂರು ಕಾಲಂ ಹಾಕಿದ್ದೆ. ತಿಂಗಳೊಳಗೆ ಅದನ್ನು ಹೊಡೆದು ಹಾಕಿ ಎರಡೇ ಉಳಿಸಿಕೊಂಡೆ: ಕಿವಿಯ ಸಿನಿಮಾ, ಕಣ್ಣಿನ ಸಿನಿಮಾ. ಕಿವಿಯದ್ದು ಅಂದರೆ ಅಡುಗೆಮನೆಯಲ್ಲಿ ನಿಂತವರಿಗೂ ಮುಕ್ಕಾಲು ಪಾಲು ತಲುಪುವಂಥದ್ದು. ಮಾತೇ ಕಥೆಯನ್ನು ಎಳೆದುಕೊಂಡು ಹೋಗುತ್ತದೆ. ಕಣ್ಣಿನದ್ದರಲ್ಲಿ ಮುಖ್ಯವಾದದ್ದು ಮಾತಿಲ್ಲದಾಗ ನಡೆಯುತ್ತದೆ. ಒಬ್ಬಳು ಸುಮ್ನೆ ಬಾಗಿಲಲ್ಲಿ ನಿಂತಿರುತ್ತಾಳೆ, ಅಷ್ಟೇ. ಆ ಒಂದು ನಿಮಿಷ ನೀವು ಸಾಸಿವೆ ಸಿಡಿಸುತ್ತಿದ್ದರೆ ಸಿನಿಮಾ ಹೋಯಿತು. ನಾವು ಪ್ರಶಸ್ತಿ ಸಿನಿಮಾ ಅನ್ನುವುದರಲ್ಲಿ ಹೆಚ್ಚಿನವು ಈ ಜಾತಿಯವು. ಅವು ನಿಧಾನ ಅನ್ನೋದು ಅರ್ಧ ಸುಳ್ಳು. ಕತ್ತಲಲ್ಲಿ, ಎದ್ದು ಹೋಗಲಾಗದ ಜಾಗದಲ್ಲಿ ನೋಡಲಿ ಅಂತ ಮಾಡಿದ್ದನ್ನು ನಾವು ಟ್ಯೂಬ್‌ಲೈಟ್ ಕೆಳಗೆ, ಕುಕ್ಕರ್ ಸದ್ದಿನ ಮಧ್ಯೆ ನೋಡುತ್ತೇವೆ.

ಹಳೇ ಕನ್ನಡ ಸಿನಿಮಾಗಳು ಕಿವಿಗೆ ಯಾಕೆ ಅಷ್ಟು ಚೆನ್ನಾಗಿ ಸಿಗುತ್ತವೆ ಗೊತ್ತಾ? ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿಯ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದವರೇ ರಾಜಕುಮಾರ್, ಬಾಲಕೃಷ್ಣ, ನಮ್ಮ ತಿಪಟೂರಿನ ನರಸಿಂಹರಾಜು, ಜಿ.ವಿ. ಅಯ್ಯರ್. ಅಳುವ ಕೂಸು, ಕಡಲೆಕಾಯಿ ಸಿಪ್ಪೆ ಸುಲಿಯುವವರ ನಡುವೆ ಕೊನೆಯ ಸಾಲಿನ ತನಕ ಮಾತು ಮುಟ್ಟಿಸಿದ ಗಂಟಲುಗಳು ಅವು. ರಾಜಕುಮಾರ್ ಮೊದಲ ಸಲ ನಾಯಕರಾದ 1954ರ 'ಬೇಡರ ಕಣ್ಣಪ್ಪ' ಬಂದದ್ದೂ ಗುಬ್ಬಿ ಕಂಪನಿಯ ನಂಟಿನಿಂದಲೇ. ಕೊನೆಯ ಸಾಲಿಗೆ ಮುಟ್ಟಿದ ದನಿಗೆ ಅಡುಗೆಮನೆ ಯಾವ ಲೆಕ್ಕ?

ಹಾಗಾಗಿ ಭಾನುವಾರ ರಾತ್ರಿಗೆ ಕಿವಿಯ ಸಿನಿಮಾ ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಎರಡು ಸಲ ಓಡಿದ್ದು 'ಗಣೇಶನ ಮದುವೆ'. 1990ರದ್ದು, ಫಣಿ ರಾಮಚಂದ್ರ ಅವರ ನಿರ್ದೇಶನ. ಅನಂತನಾಗ್, ವಿನಯಾ ಪ್ರಸಾದ್, ಮುಖ್ಯಮಂತ್ರಿ ಚಂದ್ರು. ಇಡೀ ಕಥೆ ಒಂದು ವಠಾರದ ಜಗಳ. ಹೆಂಡತಿ ಒಳಗಿಂದಲೇ ನಗುತ್ತಿದ್ದಳು. ಮಾವನವರಿಗೂ ಇದು ಹಿಡಿಸುತ್ತದೆ, ಹಿನ್ನೆಲೆ ಸದ್ದು ಮಾತನ್ನು ತುಳಿಯುವುದಿಲ್ಲ.

ಅತ್ತೆಯವರಿಗೆ ಸಬ್‌ಟೈಟಲ್ ಕಾಟವೇ ಬೇಡ, 'ಮಾಯಾಬಜಾರ್' ಹಾಕಿ. 1957ರ ತೆಲುಗು ಸಿನಿಮಾ, ಕೆ.ವಿ. ರೆಡ್ಡಿಯವರದ್ದು. ಎಸ್.ವಿ. ರಂಗರಾವ್ ಅವರ ಘಟೋತ್ಕಚ ಮದುವೆಮನೆಯ ಊಟ ಖಾಲಿ ಮಾಡುವುದನ್ನು ನೋಡಿ ನಿಮ್ಮ ಮಗ ಫೋನ್ ಕೆಳಗಿಡದಿದ್ದರೆ ಕೇಳಿ. ಮೂರು ಗಂಟೆ ಉದ್ದ, ಎರಡು ರಾತ್ರಿಗೆ ಹಂಚಿಕೊಳ್ಳಿ. 2010ರಲ್ಲಿ ಬಣ್ಣ ಹಾಕಿ ಮತ್ತೆ ಬಿಟ್ಟರು. ನನಗೆ ಕಪ್ಪು ಬಿಳುಪೇ ಇಷ್ಟ. ಮಕ್ಕಳು ಹಠ ಮಾಡಿದರೆ ಬಣ್ಣದ್ದೇ ಹಾಕಿ, ಜಗಳ ಬೇಡ. ಅತ್ತೆಯವರಿಗೆ ಹಾಡಿನ ಕಡೆ ಒಲವಿದ್ದರೆ ಕೆ. ವಿಶ್ವನಾಥ್ ಅವರ 'ಶಂಕರಾಭರಣಂ' ಇದೆ, 1980ರದ್ದು. ಹೊಸದು ಬೇಕು ಅಂದರೆ 2018ರ 'ಕೇರಾಫ್ ಕಂಚರಪಾಲೆಂ'. ವಿಶಾಖಪಟ್ಟಣದ ಒಂದು ಬಡಾವಣೆಯ ಜನರನ್ನೇ ಹೆಚ್ಚಾಗಿ ಹಾಕಿಕೊಂಡು ಮಾಡಿದ್ದು. ನಾಲ್ಕು ವಯಸ್ಸಿನ ನಾಲ್ಕು ಪ್ರೀತಿಯ ಕಥೆ. ಅಮ್ಮನಿಗೆ ತೆಲುಗು ಬಾರದು, ಆದರೂ ಕೊನೆಯತನಕ ಕೂತರು.

ಮಗನಿಗೆ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ತೋರಿಸಿ. 2018ರದ್ದು, ರಿಷಬ್ ಶೆಟ್ಟಿ ನಿರ್ದೇಶನ. ಕೇರಳದಲ್ಲಿರುವ ಕನ್ನಡ ಶಾಲೆಗೆ ಮಲಯಾಳಂ ಮೇಷ್ಟ್ರು ಬಂದರೆ ಏನಾಗುತ್ತದೆ ಅನ್ನೋದು ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು ಭಾಷೆ ಆಡುವ ನಿಮ್ಮ ಕಡೆಯ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಸಬ್‌ಟೈಟಲ್ ಓದಿಕೊಂಡು ಸಿನಿಮಾ ನೋಡೋಕಾಗಲ್ಲ ಅಂತ ಮಕ್ಕಳು ಅಂದರೆ ವಾದ ಮಾಡಬೇಡಿ. ಮಜೀದ್ ಮಜೀದಿಯವರ ಇರಾನಿ ಸಿನಿಮಾ 'ಚಿಲ್ಡ್ರನ್ ಆಫ್ ಹೆವನ್' ಹಾಕಿ ಸುಮ್ಮನಿರಿ. 1997ರದ್ದು, ಒಂದೂವರೆ ಗಂಟೆ. ಅಣ್ಣ ತಂಗಿಗೆ ಇರುವುದು ಒಂದೇ ಜೊತೆ ಶೂ. ಮುಂದೆ ಆ ಹುಡುಗ ಓಟದ ಪಂದ್ಯದಲ್ಲಿ ಮೂರನೆಯವನೇ ಆಗಬೇಕು, ಮೊದಲನೆಯವನಾದರೆ ಕೆಟ್ಟ. ಯಾಕೆ ಅಂತ ನಾನು ಹೇಳಲ್ಲ. ಪಾವಗಡ ಕಡೆಯ ಒಂದು ಶಾಲೆಯಲ್ಲಿ ಸಬ್‌ಟೈಟಲ್ ಇಲ್ಲದೆಯೇ ಇದನ್ನು ತೋರಿಸಿದ್ದೆ. ಒಂದೇ ಒಂದು ಮಗು "ಏನಂದ ಸಾರ್" ಅಂತ ಕೇಳಲಿಲ್ಲ.

ಮಗಳ ಫೋನಿಗೆ ನನ್ನ ತಕರಾರಿಲ್ಲ. ಕೆಲವು ಸಿನಿಮಾ ಫೋನಿನಲ್ಲೇ ಚೆನ್ನ. 2020ರ ಸೆಪ್ಟೆಂಬರ್ 1ಕ್ಕೆ ಬಂದ ಮಲಯಾಳಂನ 'ಸಿ ಯು ಸೂನ್' ಲಾಕ್‌ಡೌನ್ ಒಳಗೇ ಮಾಡಿದ್ದು. ಫಹಾದ್ ಫಾಸಿಲ್ ಇದ್ದಾರೆ. ಇಡೀ ಕಥೆ ನಡೆಯುವುದೇ ಫೋನು, ಕಂಪ್ಯೂಟರ್ ಪರದೆಗಳ ಮೇಲೆ. ಟಿವಿಯಲ್ಲಿ ನೋಡಿದರೆ ಅಷ್ಟು ಮಜಾ ಇಲ್ಲ. 'ದಿಯಾ' ಕೂಡ ಹಾಗೆ, ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ನೋಡುವಂಥದ್ದು. ಅದು ಥಿಯೇಟರಿಗೆ ಬಂದದ್ದು 2020ರ ಫೆಬ್ರವರಿಯಲ್ಲಿ. ಜನ ಮಾತಾಡೋಕೆ ಶುರು ಮಾಡಿದ್ದು ಮನೆಯಲ್ಲಿ ನೋಡಿದ ಮೇಲೆ. ಕೊನೆ ತುಂಬ ಭಾರವಾಗಿದೆ, ಪರೀಕ್ಷೆ ಹತ್ತಿರ ಇದ್ದರೆ ಬೇಡ.

ಎಚ್ಚರಿಕೆ ಬೇಕಾದವು ಎರಡು ಮೂರಿವೆ. ಮಂಡ್ಯ ಕಡೆಯ ಹಳ್ಳಿಯವರನ್ನೇ ಇಟ್ಟುಕೊಂಡು ಮಾಡಿದ 'ತಿಥಿ' ನನಗೆ ತುಂಬ ಇಷ್ಟ. ಆದರೆ ಬೈಗುಳ ಧಾರಾಳ, ಮಾವನವರ ಪಕ್ಕ ಕೂತು ನೋಡುವಾಗ ಸೊಸೆಗೆ ಎಲ್ಲಿ ನೋಡಬೇಕೋ ತಿಳಿಯುವುದಿಲ್ಲ. 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾದಲ್ಲಿ ಮರೆವಿನ ಕಾಯಿಲೆಯ ಅಪ್ಪ ಕಳೆದುಹೋಗುತ್ತಾರೆ. ಅನಂತನಾಗ್ ಅವರ ಮುಖ ನೋಡೋಕೇ ಎರಡೂವರೆ ಗಂಟೆ ಕೊಡಬಹುದು. ನಮ್ಮಮ್ಮ ಏನೂ ಮಾತಾಡದೆ ನೋಡಿದರು. ಮಾರನೇ ದಿನ ಬೆಳಿಗ್ಗೆ "ನನ್ನ ಕೈಚೀಲದಲ್ಲೂ ಮನೆ ನಂಬರ್ ಬರೆದ ಒಂದು ಚೀಟಿ ಇಡಪ್ಪ" ಅಂದರು. ಮಾವನವರಿಗೆ ಮರೆವು ಶುರುವಾಗಿದ್ದರೆ ಸದ್ಯಕ್ಕೆ ಬಿಡಿ.

ಮೂರನೆಯದು 2021ರ ಮಲಯಾಳಂ ಸಿನಿಮಾ 'ದ ಗ್ರೇಟ್ ಇಂಡಿಯನ್ ಕಿಚನ್'. ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚುವುದು, ರುಬ್ಬುವುದು, ತೊಳೆಯುವುದು, ಬರೀ ಅದೇ ಸದ್ದು. ನಿಮ್ಮ ಒಗ್ಗರಣೆಯ ಸಾಲು ಓದಿದ ಕೂಡಲೇ ನೆನಪಾದದ್ದು ಇದೇ. ಆದರೆ ಯಜಮಾನರಿಗೆ ಬುದ್ಧಿ ಬರಲಿ ಅಂತ ಭಾನುವಾರ ಎಲ್ಲರ ಮುಂದೆ ಹಾಕಬೇಡಿ. ನಾನು ನೆಂಟರ ಮನೆಯಲ್ಲಿ ಹಾಗೆ ಹಾಕಿ ಕೈ ಸುಟ್ಟುಕೊಂಡಿದ್ದೇನೆ. ಅರ್ಧ ಗಂಟೆಯಲ್ಲಿ ಗಂಡಸರು ಒಬ್ಬೊಬ್ಬರೇ ಎದ್ದು ಜಗುಲಿಗೆ ಹೋದರು, ಅಲ್ಲಿಂದಲೇ ಕಾಫಿ ಕೇಳಿದರು. ಓರಗಿತ್ತಿ ಊರಿಗೆ ಬಂದಾಗ ಇಬ್ಬರೂ ಕೂತು ನೋಡಿ.

ಇನ್ನು ಕೂರುವ ಪದ್ಧತಿ. ನಮ್ಮ ಸಿನಿಮಾಗಳನ್ನು ಬರೆಯುವಾಗಲೇ ಇಂಟರ್‌ವಲ್ ಎಲ್ಲಿ ಅಂತ ಯೋಚಿಸಿರುತ್ತಾರೆ. ಮನೆಯಲ್ಲಿ ಇಂಟರ್‌ವಲ್ ಇಲ್ಲ, ಹಾಗಾಗಿ ಯಾರು ಯಾವಾಗ ಬೇಕಾದರೂ ಏಳುತ್ತಾರೆ. ಅದನ್ನು ವಾಪಸ್ ತನ್ನಿ. ಹತ್ತು ನಿಮಿಷ, ಲೈಟ್ ಹಾಕಿ, ಕಾಫಿಯೋ ಕಡಲೆಕಾಯಿಯೋ ಆಗ ಮಾತ್ರ. ಆಮೇಲೆ ಒಬ್ಬಿಬ್ಬರು ವಾಪಸ್ ಬರದೆ ಇರಬಹುದು, ಬರದಿದ್ದರೆ ಬಿಡಿ. ಶುರುವಾಗುವುದು ಮಾತ್ರ ನೀವು ಬಂದು ಕೂತ ಮೇಲೆ. ಇದನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ. ನಾನು ಬೆಳ್ಳುಳ್ಳಿ ಸುಲಿಯೋಕೆ ಕಲಿತದ್ದು ಹೀಗೇ. ಎಂಟೂವರೆಗೆ ಸಿನಿಮಾ ಶುರುವಾಗಬೇಕು ಅಂದರೆ ಏಳಕ್ಕೆ ನಾನೂ ಒಳಗಿರಬೇಕಿತ್ತು.

ಯಾವ ಸಿನಿಮಾ ಅನ್ನೋದನ್ನು ಹಗಲೇ ತೀರ್ಮಾನ ಮಾಡಿಡಿ. ರಾತ್ರಿ ರಿಮೋಟ್ ಹಿಡಿದು ಹುಡುಕೋಕೆ ಕೂತರೆ ಹುಡುಕಾಟದಲ್ಲೇ ಒಂಬತ್ತೂವರೆ ಆಗುತ್ತದೆ. ಯಾವ ಆ್ಯಪ್‌ನಲ್ಲಿ ಯಾವುದಿದೆ ಅನ್ನೋದು ತಿಂಗಳಿಗೊಮ್ಮೆ ಬದಲಾಗುತ್ತದೆ, ಅದಕ್ಕೇ ನಾನು ಬರೆದಿಲ್ಲ. ಯೂಟ್ಯೂಬಿನಲ್ಲಿ ಸಿಗುವ ಹಳೇ ಸಿನಿಮಾಗಳಲ್ಲಿ ಕೆಲವಕ್ಕೆ 'ಪೂರ್ತಿ ಸಿನಿಮಾ' ಅಂತ ಬರೆದಿದ್ದರೂ ಹಾಡು, ದೃಶ್ಯ ಹಾರಿಸಿರುತ್ತಾರೆ, ಚಿತ್ರದ ಅಂಚನ್ನೂ ಕತ್ತರಿಸಿರುತ್ತಾರೆ. ಎರಡು ಮೂರು ಕಾಪಿ ಇದ್ದರೆ ಉದ್ದದ್ದನ್ನೇ ಹಾಕಿ. ಯಾರೋ ಫೋನಿಗೆ ಕಳಿಸಿದ ಕದ್ದ ಕಾಪಿ ಮಾತ್ರ ಬೇಡ. ಅದರ ಸೌಂಡಿನಲ್ಲಿ ಮಾವನಿಗಿರಲಿ, ನಿಮಗೂ ಏನೂ ಕೇಳುವುದಿಲ್ಲ.

ಕಣ್ಣಿನ ಸಿನಿಮಾದ ಮಾತು ಉಳಿಯಿತು. ಅದಕ್ಕೆ ಹೊತ್ತು ಯಾವುದು ಅಂತ ನೀವೇ ಬರೆದಿದ್ದೀರಿ. ಹುಳು ಜ್ವರಕ್ಕೆ ಕೂತ ದಿನ. ರಾತ್ರಿ ಬೇಡ, ಮಧ್ಯಾಹ್ನ ಊಟ ಆದ ಮೇಲೆ, ಎರಡು ಗಂಟೆಗೆ. ಮಕ್ಕಳು ಶಾಲೆ ಕಾಲೇಜಿನಲ್ಲಿರುತ್ತಾರೆ, ಯಜಮಾನರು ತೋಟದಲ್ಲಿ. ಎಲ್ಲರೂ ಕೂತು ನೋಡುವಂಥದ್ದು ಕೇಳಿದಿರಿ. ಇವೆರಡು ನಿಮ್ಮೊಬ್ಬರಿಗೆ.

ಒಂದು 'ಗುಲಾಬಿ ಟಾಕೀಸ್', 2008ರದ್ದು, ಕಾಸರವಳ್ಳಿಯವರದ್ದು. ಸಿನಿಮಾ ಹುಚ್ಚಿನ ಸೂಲಗಿತ್ತಿಯೊಬ್ಬಳ ಮನೆಗೆ ಟಿವಿ, ಡಿಶ್ ಬರುತ್ತವೆ. ಊರಿನ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಗುಲಾಬಿ ಆಗಿರುವುದು ನಮ್ಮ ತಿಪಟೂರು ತಾಲ್ಲೂಕಿನ ನೊಣವಿನಕೆರೆಯ ಉಮಾಶ್ರೀ, ಈ ಪಾತ್ರಕ್ಕೇ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಇನ್ನೊಂದು 2002ರ 'ದ್ವೀಪ'. ಇದೂ ಕಾಸರವಳ್ಳಿಯವರದ್ದೇ, ನಾ. ಡಿಸೋಜ ಅವರ ಕಾದಂಬರಿ. ಅಣೆಕಟ್ಟಿನ ನೀರು ಏರುತ್ತಾ ಏರುತ್ತಾ ಒಂದು ಮನೆಯನ್ನು ಸುತ್ತುವರಿಯುತ್ತದೆ. ಒಳಗಿರುವ ನಾಗಿ ಅನ್ನುವವಳ ಮೇಲೆ ಕಣ್ಣಿಡಿ. ಆ ಮನೆ ಉಳಿಯುವುದಕ್ಕೆ ಯಾರು ದುಡಿದರು, ಕೊನೆಗೆ ಹೆಸರು ಯಾರಿಗೆ ಹೋಯಿತು, ನೋಡಿ. ಲಾಕ್‌ಡೌನ್‌ನ ಮೊದಲ ವಾರ ನಾನು ಏಳೂವರೆಗೆ ಹಾಕಿ ಕೆಡಿಸಿದ್ದು ಇದನ್ನೇ. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹೆಂಡತಿ ಒಬ್ಬಳೇ ಕೂತು ನೋಡಿದಳು. ಆಮೇಲೆ ಸುಮಾರು ಹೊತ್ತು ನನ್ನ ಹತ್ತಿರ ಮಾತಾಡಲಿಲ್ಲ.

ನಾಗಿ ಆಗಿ ನಟಿಸಿ, ಸಿನಿಮಾಕ್ಕೆ ದುಡ್ಡನ್ನೂ ಹಾಕಿದವರು ಸೌಂದರ್ಯ, ಮುಳಬಾಗಿಲು ಕಡೆಯವರು. ತೆಲುಗು ಸಿನಿಮಾ ನೋಡಿದ ನಿಮ್ಮ ಅತ್ತೆಗೆ ಆ ಮುಖ ಗೊತ್ತಿಲ್ಲದೆ ಇರುವುದಿಲ್ಲ. ಬಂದು ಪಕ್ಕದಲ್ಲಿ ಕೂತರೆ ಕೂರಲಿ. ಇಡೀ ಸಿನಿಮಾ ಮಳೆ, ಮೋಡ, ಮಬ್ಬು. ಹಗಲು ಬೆಳಕಿನಲ್ಲಿ ಪರದೆ ಮೇಲೆ ಏನೂ ಕಾಣುವುದಿಲ್ಲ, ಕಿಟಕಿಗೆ ಒಂದು ಜಮಖಾನ ಕಟ್ಟಿ. ಮಾವನವರ ಮೂರು ಗಂಟೆ ಕಾಫಿಯನ್ನು ಮೊದಲೇ ಫ್ಲಾಸ್ಕಿಗೆ ಹಾಕಿ ಅವರ ಕೈಗೆಟುಕುವ ಕಡೆ ಇಟ್ಟುಬಿಡಿ.